ಇಸಿಜಿ ನಾರ್ಮಲ್ ಬಂದ ಮೇಲೆ ಏನು?

ಕಾಸರಗೋಡು ಜಿಲ್ಲಾ ವೈದ್ಯಾಧಿಕಾರಿಗಳಿಗೆ, ಜಿಲ್ಲೆಯ ಉತ್ತರ ಭಾಗದ ಪಂಚಾಯತು ಅಧ್ಯಕ್ಷರಿಗೆ, ಮತ್ತು ಇದನ್ನು ಓದುವ ಊರವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಬದಿಯಡ್ಕ, ಪೆರ್ಲ ಕಡೆಯಲ್ಲಿ ಮೆಡಿಕಲ್ ಅಂಗಡಿ ನಡೆಸುವ ಫಾರ್ಮಸಿಸ್ಟ್. ಡಾಕ್ಟರ್ ಅಲ್ಲ. ಆದರೆ ಡಾಕ್ಟರಿಗೆ ಕಾಣದ ಒಂದು ವಿಷಯ ನನಗೆ ಕಾಣುತ್ತದೆ. ಅವರ ಎದುರು ಅವರು ಬರೆದ ಚೀಟಿ ಮಾತ್ರ ಇರುತ್ತದೆ. ನಾಲ್ಕು ಊರಿನ ನಾಲ್ಕು ಡಾಕ್ಟರುಗಳ ಚೀಟಿ ಒಟ್ಟಿಗೆ ಬಂದು ಬೀಳುವುದು ನನ್ನ ಕೌಂಟರಿನ ಮೇಲೆ.

ಆ ಕಟ್ಟು ಹೇಗಿರುತ್ತದೆ ಅಂತ ಹೇಳುತ್ತೇನೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಒಳಗೆ ಮಡಚಿ ಮಡಚಿ ಇಟ್ಟ ಇಸಿಜಿ ಕಾಗದಗಳು. ಹಳೆಯ ಕಾಗದದಲ್ಲಿ ಗೆರೆಗಳೇ ಮಾಸಿ ಹೋಗಿರುತ್ತವೆ, ಆ ಕಾಗದದ ಗುಣವೇ ಹಾಗೆ. ಒಂದು ಎಕೋ ರಿಪೋರ್ಟ್, ಒಂದು ಥೈರಾಯ್ಡ್ ಟೆಸ್ಟ್, ಕೆಲವರದ್ದು ಎಂಡೋಸ್ಕೋಪಿ, ಇನ್ನು ಕೆಲವರದ್ದು ತಲೆಯ ಸ್ಕ್ಯಾನ್. ಎಲ್ಲದರ ಕೊನೆಗೂ ಒಂದೇ ಮಾತು, ನಾರ್ಮಲ್. ಚೀಲದ ಅಡಿಯಲ್ಲಿ ಒಮ್ಮೊಮ್ಮೆ ಜಪ ಮಾಡಿಸಿದ ಕರಿ ನೂಲು, ಗಂಧದ ಪೊಟ್ಟಣ. ಚೀಲ ತಂದವರು ಕೇಳುವುದು ಇಷ್ಟೇ: "ಗ್ಯಾಸಿಗೆ ಒಳ್ಳೆಯದು ಏನಾದರೂ ಕೊಡಿ. ಎದೆ ಹಿಡಿದ ಹಾಗೆ ಆಗ್ತದೆ."

ಈ ಪತ್ರ ಪ್ಯಾನಿಕ್ ಅಟ್ಯಾಕ್ ಅನ್ನುವ ಗಾಬರಿಯ ಬಗ್ಗೆ. ಯಾವ ಆಸ್ಪತ್ರೆಯ ಮೇಲಿನ ದೂರೂ ಅಲ್ಲ. ಕ್ಯಾಶುವಾಲ್ಟಿಯಲ್ಲಿ ಕೂತ ಡ್ಯೂಟಿ ಡಾಕ್ಟರ್ ತಮ್ಮ ಕೆಲಸ ಸರಿಯಾಗಿಯೇ ಮಾಡಿರುತ್ತಾರೆ. ಹೃದಯಾಘಾತ ಅಲ್ಲ ಅಂತ ಖಾತ್ರಿ ಮಾಡಿ ಕಳಿಸಿರುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ. "ನಿಮಗೆ ಏನೂ ಇಲ್ಲ, ಮನೆಗೆ ಹೋಗಿ" ಅಂತಾರಲ್ವಾ, ಆ ಮಾತಿನಿಂದ. ಅರ್ಧ ಗಂಟೆ ಮೊದಲು ಸತ್ತೇ ಹೋದೆ ಅಂತ ಅನಿಸಿದ ಮನುಷ್ಯನಿಗೆ ಏನೂ ಇಲ್ಲ ಅಂದರೆ ಅವನು ನಂಬುವುದಾದರೂ ಹೇಗೆ? ಯಂತ್ರಕ್ಕೆ ಸಿಗದ ರೋಗ ಅಂತ ಮಂಗಳೂರಿಗೆ ಹೋಗುತ್ತಾನೆ. ಅಲ್ಲೂ ನಾರ್ಮಲ್. ಆಮೇಲೆ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಅಲ್ಲಿ ಮಾತ್ರ "ಇದೆ" ಅಂತ ಹೇಳುವವರು ಸಿಗುತ್ತಾರೆ. ಅವರ ಮಾತಿಗೆ ಬೆಲೆ ಬರುವುದು ಸುಮ್ನೆ ಅಲ್ಲ. ಇವನ ಸಂಕಟವನ್ನು ಇದೆ ಅಂತ ಒಪ್ಪಿಕೊಂಡ ಮೊದಲ ವ್ಯಕ್ತಿ ಅವರೇ.

ಊರವರಿಗೆ ಎರಡು ಮಾತು ಹೇಳಿ ಆಮೇಲೆ ಅಧಿಕಾರಿಗಳ ಕಡೆ ಬರುತ್ತೇನೆ.

ಪ್ಯಾನಿಕ್ ಅಟ್ಯಾಕ್ ಅಂದರೆ ಕಾರಣವಿಲ್ಲದೆ ಏಳುವ ಮಹಾ ಗಾಬರಿ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ಕೈಕಾಲು ನಡುಗುತ್ತದೆ, ಉಸಿರು ಸಾಲುವುದಿಲ್ಲ, ತಲೆ ತಿರುಗುತ್ತದೆ. ಈಗಲೇ ಸಾಯುತ್ತೇನೆ, ಇಲ್ಲವೇ ತಲೆ ಕೆಟ್ಟೇ ಹೋಗುತ್ತದೆ ಅನಿಸುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇದು ತುದಿ ಮುಟ್ಟುತ್ತದೆ. ಆಮೇಲೆ ಇಳಿಯಲು ಶುರು. ಪೆರ್ಲದ ಒಳಗಿನ ಮನೆಯಿಂದ ಜೀಪು ಮಾಡಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಇಸಿಜಿಯಲ್ಲಿ ಏನೂ ಕಾಣದಿರುವುದರಲ್ಲಿ ಆಶ್ಚರ್ಯ ಇಲ್ಲ. ಹೃದಯ ಮೊದಲೂ ಸರಿ ಇತ್ತು, ಈಗಲೂ ಸರಿ ಇದೆ.

ಹಾಗಾದರೆ ಆದದ್ದೇನು? ಅಪಾಯ ಎದುರಾದಾಗ ಓಡಲು ಅಥವಾ ಎದುರಿಸಲು ದೇಹ ಅಡ್ರಿನಲಿನ್ ಬಿಡುತ್ತದೆ. ಅದು ಎಲ್ಲರಲ್ಲೂ ಇರುವ ವ್ಯವಸ್ಥೆ. ಮನೆ ಕಾಯುವ ನಾಯಿ ಬೆಕ್ಕು ದಾಟಿದ್ದಕ್ಕೆ ಕಳ್ಳ ಬಂದ ಹಾಗೆ ಬೊಗಳಿದರೆ ನಾಯಿಗೆ ಹುಚ್ಚು ಅಂತ ಯಾರೂ ಹೇಳುವುದಿಲ್ಲ. ಇದೂ ಅಷ್ಟೇ. ಅದರ ಜೊತೆಗೆ ಇನ್ನೊಂದು ಸಂಗತಿ ನಡೆಯುತ್ತದೆ. ಉಸಿರು ಸಾಲುತ್ತಿಲ್ಲ ಅಂತ ಅನಿಸುವಾಗ ನಿಜವಾಗಿ ನಾವು ಜಾಸ್ತಿ ಉಸಿರಾಡುತ್ತಿರುತ್ತೇವೆ. ಬೇಗ ಬೇಗ, ಮೇಲಿಂದ ಮೇಲೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳ ತುದಿ ಜುಮ್ಮೆನ್ನುವುದು, ತುಟಿ ಮರಗಟ್ಟುವುದು, ಕೆಲವರಿಗೆ ಬೆರಳುಗಳೇ ಸೆಟೆದುಕೊಳ್ಳುವುದು ಇದರಿಂದ. ಮನೆಯವರಿಗೆ ಬೆರಳು ಸೆಟೆದದ್ದು ಕಂಡರೆ ಮುಗಿಯಿತು, ಪಾರ್ಶ್ವವಾಯು ಅಂತಲೋ ಮೈಮೇಲೆ ಬಂತು ಅಂತಲೋ ಗಲಾಟೆ ಏಳುತ್ತದೆ. ಆ ಗಲಾಟೆಗೆ ಗಾಬರಿ ಇನ್ನೂ ಏರುತ್ತದೆ.

ಆ ಹೊತ್ತಿಗೆ ಮಾಡಬೇಕಾದ್ದು ಕಡಿಮೆ. ಕೂರಿಸಿ. ಸುತ್ತ ಜನ ಸೇರದ ಹಾಗೆ ನೋಡಿ. ಉಸಿರನ್ನು ಮೂಗಿನಿಂದ ಮೆತ್ತಗೆ ಎಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡಲು ಹೇಳಿ. ನೀವೂ ಎದುರು ಕೂತು ಅದೇ ರೀತಿ ಉಸಿರಾಡಿ, ಅವರು ನೋಡಿಕೊಂಡು ಮಾಡುತ್ತಾರೆ. "ಹೆದರಬೇಡ" ಅಂತ ಹತ್ತು ಸಲ ಹೇಳುವುದರಿಂದ ಪ್ರಯೋಜನ ಇಲ್ಲ. "ಇದು ಇಳಿಯುತ್ತದೆ, ನಾನು ಇಲ್ಲೇ ಇದ್ದೇನೆ" ಅಂತ ಒಮ್ಮೆ ಹೇಳಿದರೆ ಸಾಕು. ಪ್ಲಾಸ್ಟಿಕ್ ಚೀಲ, ಕಾಗದದ ಚೀಲ ಮೂಗಿಗೆ ಹಿಡಿಯುವ ಪದ್ಧತಿ ಬೇಡ. ನಿಜವಾಗಿ ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇದ್ದರೆ ಅದು ಅಪಾಯ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಮೊದಲ ಸಲ ಎದೆ ನೋವು ಬಂದರೆ ಅದನ್ನು ಪ್ಯಾನಿಕ್ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು, ವಯಸ್ಸಾದವರು, ಬೀಡಿ ಸಿಗರೇಟು ಸೇದುವವರು ಅಂತೂ ಮಾಡಲೇಬೇಡಿ. ಹೆಂಗಸರಿಗೆ ಹೃದಯಾಘಾತ ಬರೀ ಸುಸ್ತು, ವಾಕರಿಕೆ, ಬೆನ್ನು ನೋವಾಗಿಯೂ ಬರಬಹುದು. ಮೊದಲು ಇಸಿಜಿ. ಥೈರಾಯ್ಡ್, ರಕ್ತಹೀನತೆ ಇದೆಯಾ ಅಂತಲೂ ಒಮ್ಮೆ ನೋಡಿಸಬೇಕು, ಅವುಗಳಿಂದಲೂ ಎದೆ ಹೊಡೆದುಕೊಳ್ಳುತ್ತದೆ. ಎಲ್ಲ ಸರಿ ಇದೆ ಅಂತ ಆದ ಮೇಲೆ ಅದೇ ಟೆಸ್ಟನ್ನು ಮತ್ತೆ ಮತ್ತೆ ಮಾಡಿಸುವುದು ಬೇಡ.

ಗಾಬರಿ ಒಮ್ಮೆ ಬಂದು ಹೋದರೆ ಅದು ದೊಡ್ಡ ವಿಷಯವಲ್ಲ. ತುಂಬ ಜನರಿಗೆ ಜೀವನದಲ್ಲಿ ಒಮ್ಮೆ ಬಂದಿರುತ್ತದೆ. ಅದು ಮತ್ತೆ ಬಂದೀತು ಅನ್ನುವ ಹೆದರಿಕೆಯೇ ಬದುಕನ್ನು ತಿನ್ನುವುದು. ನನಗೆ ಗೊತ್ತಿರುವ ಒಬ್ಬರು ಅಡಿಕೆ ಮಂಡಿಯ ಲೆಕ್ಕ ಬರೆಯುವವರು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ, ತಲಪಾಡಿ ದಾಟಿದ ಮೇಲೆ ಅವರಿಗೆ ಮೊದಲ ಸಲ ಹೀಗಾಯಿತು. ಮುಂದಿನ ಸಲ ಬಾಗಿಲ ಹತ್ತಿರದ ಸೀಟು ಹಿಡಿದರು. ಆಮೇಲೆ ಜೊತೆಗೆ ಹೆಂಡತಿ ಇದ್ದರೆ ಮಾತ್ರ ಬಸ್ಸು. ಆಮೇಲೆ ಉಪ್ಪಳದವರೆಗೆ ಮಾತ್ರ. ಆಮೇಲೆ ಕುಂಬಳೆಯವರೆಗೆ. ಕೊನೆಗೆ ಸ್ವಂತ ತಂಗಿಯ ಮಗಳ ಮದುವೆಗೆ ಹೋಗಲಿಲ್ಲ. ಮನೆಯಲ್ಲಿ ಅದಕ್ಕೆ ಕೊಟ್ಟ ಕಾರಣ ಸೊಂಟ ನೋವು. ಪ್ರತಿ ಸಲ ಬಸ್ಸಿನಿಂದ ಇಳಿದಾಗ ಅವರಿಗೆ ಹಾಯೆನಿಸುತ್ತಿತ್ತು. ಆ ಹಾಯೇ ಅವರನ್ನು ಕಟ್ಟಿ ಹಾಕಿದ್ದು. ಇಳಿದದ್ದರಿಂದ ಬದುಕಿದೆ ಅಂತ ಮನಸ್ಸು ಲೆಕ್ಕ ಬರೆದುಕೊಂಡಿತು.

ಇದಕ್ಕೆ ಮದ್ದು ಇದೆ ಅನ್ನುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ವೈದ್ಯಲೋಕ ಒಪ್ಪಿ ಎಷ್ಟೋ ವರ್ಷ ಆಗಿದೆ. ಅದರ ಒಂದು ಮುಖ್ಯ ಭಾಗ ಇದೇ. ಹೆದರುವ ಜಾಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮತ್ತೆ ಹೋಗುವುದು, ಗಾಬರಿ ಎದ್ದರೂ ಇಳಿಯುವವರೆಗೆ ಅಲ್ಲೇ ಕೂರುವುದು. ಇಂದು ಸೀತಾಂಗೋಳಿ, ಮುಂದಿನ ವಾರ ಕುಂಬಳೆ, ಹಾಗೆ. ದುಡ್ಡು ಬೇಡ, ಯಂತ್ರ ಬೇಡ. ಹೇಳಿಕೊಡಲು ಒಬ್ಬರು ಬೇಕು, ಮತ್ತು ಅವರ ಮಾತು ಇವರಿಗೆ ಅರ್ಥವಾಗಬೇಕು.

ಮಾತ್ರೆಯ ವಿಷಯ ನನ್ನದೇ ಕಸುಬು, ಸ್ವಲ್ಪ ಜಾಸ್ತಿ ಬರೆದರೆ ಕ್ಷಮಿಸಿ. ಇದಕ್ಕೆ ಎರಡು ಜಾತಿಯ ಮಾತ್ರೆ ಬರೆಯುತ್ತಾರೆ. ಒಂದು ಆಲ್‌ಪ್ರಝೋಲಾಂ ತರದ್ದು. ನುಂಗಿದ ಸ್ವಲ್ಪ ಹೊತ್ತಿನಲ್ಲೇ ಗಾಬರಿ ಇಳಿಸುತ್ತದೆ. ಅದಕ್ಕೇ ಜನರಿಗೆ ಅದರ ಮೇಲೆ ಪ್ರೀತಿ. ಆದರೆ ವಾರಗಟ್ಟಲೆ ತಿಂದರೆ ಅಭ್ಯಾಸ ಹಿಡಿಯುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಗಾಬರಿ ಏಳುತ್ತದೆ, ಫಿಟ್ಸ್ ಕೂಡ ಬರಬಹುದು. 2014ರಿಂದ ಅದು ಎಚ್-1 ಪಟ್ಟಿಯಲ್ಲಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ, ಲೆಕ್ಕ ಇಡಬೇಕಾದ ಮದ್ದುಗಳ ಸರ್ಕಾರಿ ಪಟ್ಟಿಯಲ್ಲಿ. ಕೊಟ್ಟಾಗಲೆಲ್ಲ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹಳೆಯ ಚೀಟಿ ತೋರಿಸಿ "ಅದೇ ಸಣ್ಣ ಮಾತ್ರೆ" ಅಂತ ಕೇಳುವವರಿಗೆ ನಾನು ಇಲ್ಲ ಅನ್ನುವುದು ಹಠಕ್ಕಲ್ಲ.

ಇನ್ನೊಂದು ಎಸಿಟಾಲೋಪ್ರಾಂ, ಸರ್ಟ್ರಾಲಿನ್ ತರದ್ದು. ಅಭ್ಯಾಸ ಹಿಡಿಸುವ ಜಾತಿ ಅಲ್ಲ. ಆದರೆ ಸರಿಯಾಗಿ ಕೆಲಸ ಶುರುಮಾಡಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ ಬರಬಹುದು, ಚಡಪಡಿಕೆ ಸ್ವಲ್ಪ ಹೆಚ್ಚೂ ಆಗಬಹುದು. ಇದನ್ನು ಮೊದಲೇ ಹೇಳದಿದ್ದರೆ ಏನಾಗುತ್ತದೆ ಗೊತ್ತಾ? ಐದನೇ ದಿನಕ್ಕೆ ಸ್ಟ್ರಿಪ್ ನನ್ನ ಕೌಂಟರಿಗೆ ವಾಪಸು ಬರುತ್ತದೆ. "ಇದು ನನಗೆ ಆಗುವುದಿಲ್ಲ, ಹೀಟು." ಐದು ಗುಳಿ ಖಾಲಿ, ಉಳಿದವು ಹಾಗೇ. ಇನ್ನು ಕೆಲವರು ಗುಣ ಕಂಡ ಕೂಡಲೇ ಡಾಕ್ಟರನ್ನು ಕೇಳದೆ ನಿಲ್ಲಿಸುತ್ತಾರೆ. ಎರಡು ನಿಮಿಷದ ಮಾತು ಸಿಕ್ಕಿದ್ದರೆ ಇವರಲ್ಲಿ ಎಷ್ಟೋ ಜನ ಗುಣವಾಗುತ್ತಿದ್ದರು.

ಆ ಎರಡು ನಿಮಿಷದ ಮಾತು ಯಾವ ಭಾಷೆಯಲ್ಲಿ ಅನ್ನುವುದಕ್ಕೇ ಅಧಿಕಾರಿಗಳೇ, ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯನ್ನು ಸಪ್ತಭಾಷೆಯ ನಾಡು ಅಂತ ವೇದಿಕೆಯಲ್ಲಿ ಹೊಗಳುತ್ತಾರೆ. ಕೈ ಮುರಿದರೆ ಯಾವ ಭಾಷೆಯಾದರೂ ನಡೆಯುತ್ತದೆ, ಕೈ ತೋರಿಸಿದರೆ ಸಾಕು. ಮನಸ್ಸಿನ ಹೆದರಿಕೆಯನ್ನು ತೋರಿಸಲು ಮಾತು ಬಿಟ್ಟು ಬೇರೆ ದಾರಿ ಇಲ್ಲ. ಎಣ್ಮಕಜೆಯ ಒಬ್ಬ ಹೆಂಗಸು ತುಳು, ಕನ್ನಡ ಬಿಟ್ಟು ಬೇರೆ ಅರಿಯರು. ಎದುರಿನ ಕೌನ್ಸಿಲರ್‌ಗೆ ಮಲಯಾಳ ಮಾತ್ರ ಬರುತ್ತದೆ. ಮಧ್ಯೆ ಅನುವಾದಕ್ಕೆ ಮೈದುನನ ಮಗ. ಆ ಹುಡುಗನ ಬಾಯಿಯಿಂದ ಅವರು ಏನು ಹೇಳಿಸಿಯಾರು? ಗಂಡ ಗಲ್ಫಿನಿಂದ ಫೋನ್ ಮಾಡಿದಾಗ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಅಂತ ಹೇಳಿಯಾರೇ? "ತಲೆನೋವು, ನಿದ್ದೆ ಇಲ್ಲ" ಅಂತ ಹೇಳಿ ಎದ್ದು ಬರುತ್ತಾರೆ. ಚೀಟಿಯಲ್ಲೂ ಅಷ್ಟೇ ಬರೆದಿರುತ್ತದೆ.

ಇದು ನಾವು ಕೇಳುವ ದಯೆ ಅಲ್ಲ, ಕಾನೂನಿನಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಚಿಕಿತ್ಸೆಯ ಒಳಿತು ಕೆಡುಕು ತಿಳಿಸಿ ಪಡೆದರೆ ಮಾತ್ರ ಅದು ಒಪ್ಪಿಗೆ. ಅದೇ ಕಾಯ್ದೆಯ 18ನೇ ಕಲಂ ಸರ್ಕಾರದ ಮಾನಸಿಕ ಆರೋಗ್ಯ ಸೇವೆ ಎಲ್ಲರ ಹಕ್ಕು ಅನ್ನುತ್ತದೆ, ಅದು ಕೈಗೆಟಕುವ ದೂರದಲ್ಲಿ, ಭೇದವಿಲ್ಲದೆ ಸಿಗಬೇಕು ಅನ್ನುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರು ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು ಅಂತ ಹೇಳಿದೆ. ಭೂಮಿ ತೆರಿಗೆಯ ಅರ್ಜಿಗೆ ಇರುವ ಹಕ್ಕು ಮನಸ್ಸಿನ ಸಂಕಟಕ್ಕೆ ಬೇಡವೇ?

ಮಂಗಳೂರು ಹತ್ತಿರ ಇದೆಯಲ್ಲ, ಅಲ್ಲಿ ಕನ್ನಡ ತುಳು ಎರಡೂ ನಡೆಯುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಜ. ದುಡ್ಡು ಇದ್ದವರು ಹೋಗುತ್ತಾರೆ. ಆದರೆ 2020ರ ಮಾರ್ಚ್‌ನಲ್ಲಿ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೊರಟವರು ದಾರಿಯಲ್ಲೇ ಪ್ರಾಣ ಬಿಟ್ಟದ್ದನ್ನು ನಾವು ಮರೆತಿಲ್ಲ. ಎದೆ ಹಿಡಿದರೆ ಎಲ್ಲಿಗೆ ಓಡುವುದು ಅನ್ನುವ ಪ್ರಶ್ನೆ ನಮ್ಮ ಕಡೆಯವರ ತಲೆಯಲ್ಲಿ ಯಾವಾಗಲೂ ಇರುತ್ತದೆ. ಗಾಬರಿಗೆ ಇದೂ ಒಂದು ಗೊಬ್ಬರವೇ.

ಇನ್ನು ದಣಿವಿನ ವಿಷಯ. ಪ್ಯಾನಿಕ್ ಅಂದರೆ ಒಮ್ಮೆಲೇ ಏಳುವುದು, ಎಲ್ಲರಿಗೂ ಕಾಣುತ್ತದೆ. ನಿಧಾನವಾಗಿ ಬತ್ತುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ಪೀಡಿತರಾದ ಮಕ್ಕಳ ತಾಯಂದಿರನ್ನೇ ನೋಡಿ. ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ವಿಷ ಸಿಂಪಡಿಸುವುದು ನಿಂತು 20 ವರ್ಷ ದಾಟಿದೆ. ಪೀಡಿತರಿಗೆ ತಲಾ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಅದೆಲ್ಲ ಮಕ್ಕಳ ಲೆಕ್ಕ. ಬೆಳ್ಳೂರು, ಕುಂಬ್ಡಾಜೆ, ಎಣ್ಮಕಜೆಯ ಮನೆಗಳಲ್ಲಿ 30 ವರ್ಷದ ಮಗನನ್ನು ಇಂದಿಗೂ ಎತ್ತಿ ಸ್ನಾನ ಮಾಡಿಸುವ ಅಮ್ಮಂದಿರಿದ್ದಾರೆ. ಮಗನ ಫಿಟ್ಸಿನ ಮಾತ್ರೆಗೆ ಬಂದಾಗ "ನಿಮಗೆ ನಿದ್ದೆ ಬರ್ತದಾ ಅಮ್ಮ?" ಅಂತ ಕೇಳಿದರೆ ನಗುತ್ತಾರೆ. ತಮ್ಮ ಬಗ್ಗೆ ಕೇಳಿದ ಪ್ರಶ್ನೆಗೆ ಏನು ಹೇಳಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ. ನಾನು ಸತ್ತ ಮೇಲೆ ಇವನನ್ನು ನೋಡುವವರು ಯಾರು ಅನ್ನುವ ಹೆದರಿಕೆ ಅವರಿಗೆ ದಿನವೂ ಇದೆ. ಅದು ಕಾರಣವಿಲ್ಲದ ಗಾಬರಿ ಅಲ್ಲ. ಅದಕ್ಕೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ. ತಿಂಗಳಿಗೆ ನಾಲ್ಕು ದಿನವಾದರೂ ಮಗನನ್ನು ಯಾರಾದರೂ ನೋಡಿಕೊಂಡರೆ ಅದೇ ಅವರಿಗೆ ದೊಡ್ಡ ಚಿಕಿತ್ಸೆ.

ಕೆಲಸದ ಒತ್ತಡದಿಂದ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಪಟ್ಟಿಯಲ್ಲಿ ವಿವರಿಸಿದೆ. ಶಕ್ತಿಯೇ ಇಲ್ಲ ಅನಿಸುವುದು, ಕೆಲಸದ ಮೇಲೆ ಜಿಗುಪ್ಸೆ, ಮಾಡಿದ್ದು ಯಾವುದೂ ಸರಿಯಾಗದ ಹಾಗೆ ತೋರುವುದು. ಕಾಯಿಲೆ ಅಂತ ಕರೆಯಲಿಲ್ಲ, ಕೆಲಸದ ಜಾಗಕ್ಕೆ ಸಂಬಂಧಿಸಿದ್ದು ಅಂತ ಹೇಳಿದೆ. ಅಂದರೆ ಮದ್ದು ಬೇಕಾದ್ದು ಕೆಲಸದ ಜಾಗಕ್ಕೂ ಕೂಡ. ನಿಮ್ಮದೇ ಇಲಾಖೆಯ ಆಶಾ ಕಾರ್ಯಕರ್ತೆಯರು 2025ರಲ್ಲಿ ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ತಿಂಗಳುಗಟ್ಟಲೆ ಧರಣಿ ಕೂತದ್ದು ನಿಮಗೆ ನೆನಪಿರಬಹುದು. ಮನೆಮನೆಯ ಮನಸ್ಸಿನ ಆರೋಗ್ಯ ನೋಡಿ ಬರಲು ನಾಳೆ ಅವರನ್ನೇ ಕಳಿಸುವುದಾದರೆ, ಈಗ ಇರುವ ಒಂದು ರಿಜಿಸ್ಟರನ್ನಾದರೂ ಅವರ ಕೈಯಿಂದ ತೆಗೆದು ಕಳಿಸಿ.

ನಾನು ಕೇಳುವುದು ದೊಡ್ಡ ಕಟ್ಟಡ ಅಲ್ಲ. ಎದೆ ನೋವಿಗೆ ಬಂದು ಎಲ್ಲ ನಾರ್ಮಲ್ ಅಂತ ಮನೆಗೆ ಹೋಗುವವರ ಕೈಗೆ ಒಂದು ಹಾಳೆ ಕೊಡಿ. ಕನ್ನಡದಲ್ಲಿ, ಕನ್ನಡ ಲಿಪಿಯ ತುಳುವಿನಲ್ಲಿ, ಮಲಯಾಳದಲ್ಲಿ. ನಿಮಗೆ ಆದದ್ದು ನಿಜ, ಅದು ಹೃದಯಾಘಾತ ಅಲ್ಲ, ಇದು ಪ್ಯಾನಿಕ್ ಇರಬಹುದು, ಚಿಕಿತ್ಸೆ ಇದೆ, ಇಂಥ ದಿನ ಇಂಥ ಜಾಗಕ್ಕೆ ಬನ್ನಿ ಅಂತ ಅದರಲ್ಲಿ ಇರಲಿ. ಇನ್ನು ಓದಲು ಬಾರದವರಿಗೆ ನರ್ಸ್ ಓದಿ ಹೇಳಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಯಾವ ಆಸ್ಪತ್ರೆಗೆ ಯಾವ ದಿನ ಬರುತ್ತದೆ ಅನ್ನುವ ಬೋರ್ಡು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪ್ರತಿ ಕುಟುಂಬ ಆರೋಗ್ಯ ಕೇಂದ್ರದ ಹೊರಗೆ ಕನ್ನಡದಲ್ಲಿ ಇರಲಿ. ಆ ತಂಡದಲ್ಲಿ ಕನ್ನಡ ತುಳು ಬರುವ ಒಬ್ಬ ಕೌನ್ಸಿಲರ್ ಕಡ್ಡಾಯವಾಗಿ ಬೇಕು. ಮಂಗಳೂರಿನಲ್ಲಿ ಸೈಕಾಲಜಿ, ಸಮಾಜಕಾರ್ಯ ಓದಿ ಬಂದ ನಮ್ಮ ಊರಿನ ಹುಡುಗಿಯರು ಕೆಲಸವಿಲ್ಲದೆ ಕೂತಿದ್ದಾರೆ, ನೇಮಕಾತಿಯಲ್ಲಿ ಮಲಯಾಳದ ಅಡ್ಡಿ ಇದ್ದರೆ ಅದನ್ನು ಸಡಿಲಿಸಿ. 2008ರಲ್ಲೇ ಪಾಲಿಯೇಟಿವ್ ನೀತಿ, ಅಂದರೆ ಗುಣವಾಗದ ಕಾಯಿಲೆಯವರ ಸಂಕಟ ಇಳಿಸುವ ಆರೈಕೆಯ ನೀತಿ, ತಂದ ರಾಜ್ಯ ನಮ್ಮದು. ಹಾಸಿಗೆ ಹಿಡಿದವರ ಮನೆಗೆ ಹೋಗುವ ಆ ನರ್ಸ್ ಹಾಸಿಗೆಯ ಪಕ್ಕ ನಿಂತವರನ್ನೂ ಒಮ್ಮೆ ವಿಚಾರಿಸಿ ಬರೆದುಕೊಳ್ಳಲಿ.

ಪಂಚಾಯತು ಅಧ್ಯಕ್ಷರೇ, ನಿಮ್ಮಿಂದ ಬೇಕಾದ್ದು ಬಣ್ಣ ಮತ್ತು ಬ್ರಷ್. 14416 ಅಂತ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಉಚಿತ ನಂಬರ್ ಇದೆ. 2022ರ ಅಕ್ಟೋಬರಿನಿಂದ ಹಗಲು ರಾತ್ರಿ ನಡೆಯುತ್ತಿದೆ, ಕನ್ನಡದಲ್ಲೂ ಮಾತಾಡಬಹುದು. ಪ್ರತಿ ಬಸ್ ಸ್ಟ್ಯಾಂಡಿನಲ್ಲಿ, ಪ್ರತಿ ರೇಶನ್ ಅಂಗಡಿಯಲ್ಲಿ ಅದನ್ನು ಕನ್ನಡದಲ್ಲಿ ಬರೆಸಿ. ಹಾಗೆಯೇ ನಮ್ಮ ದೈವಸ್ಥಾನ, ಮಸೀದಿ, ಇಗರ್ಜಿಗಳ ಹಿರಿಯರನ್ನೂ ಒಂದು ದಿನ ಕರೆದು ಕೂರಿಸಿ ಮಾತಾಡಿ. ನೂಲು ಕಟ್ಟಬೇಡಿ ಅಂತ ಹೇಳಲು ಅಲ್ಲ. ನೂಲು ಕಟ್ಟಿದ ಮೇಲೆ "ಡಾಕ್ಟರನ್ನೂ ಕಾಣು" ಅಂತ ಅವರ ಬಾಯಿಂದ ಒಂದು ಮಾತು ಬಂದರೆ ಅದಕ್ಕೆ ನನ್ನ ಹತ್ತು ಮಾತಿಗಿಂತ ತೂಕ ಜಾಸ್ತಿ.

ಹಾಳೆಯ ಕನ್ನಡ ಮತ್ತು ತುಳು ಕರಡನ್ನು ನಾನೂ ಇಬ್ಬರು ಶಾಲಾ ಮೇಷ್ಟ್ರೂ ಸೇರಿ ಬರೆದಿದ್ದೇವೆ. ವೈದ್ಯಕೀಯವಾಗಿ ಸರಿ ಇದೆಯಾ ಅಂತ ನಿಮ್ಮ ಕಡೆಯ ಮನೋವೈದ್ಯರು ಒಮ್ಮೆ ತಿದ್ದಿ ಕೊಟ್ಟರೆ ಮೊದಲ ಮುದ್ರಣದ ಖರ್ಚು ನಮ್ಮ ಕಡೆಯ ಮೆಡಿಕಲ್ ಅಂಗಡಿಯವರು ಹಾಕಿಕೊಳ್ಳುತ್ತೇವೆ. ಕರಡಿನ ಪ್ರತಿ ಈ ಪತ್ರದ ಜೊತೆ ನಿಮ್ಮ ಕಚೇರಿಗೆ ತಲುಪಿಸಿದ್ದೇನೆ. 1969ರ ಕಾಯ್ದೆ ಪ್ರಕಾರ ಇದಕ್ಕೆ ಉತ್ತರವೂ ಕನ್ನಡದಲ್ಲೇ ಬರಬೇಕು. ಕಾಯುತ್ತಿದ್ದೇನೆ.

ಇತಿ,
ಬದಿಯಡ್ಕ ಕಡೆಯ ಒಬ್ಬ ಫಾರ್ಮಸಿಸ್ಟ್